‘ಇದ್ದದ್ದೇ ಬಿಡ್ರಿ’ ಅನ್ನುವ ಮುಂಚೆ

(ಕಲಬುರಗಿಯಲ್ಲಿ ಓದುಗರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸುದ್ದಿ ಓದಿದ ಕೂಡಲೇ ನಮ್ಮ ಬಾಯಿಂದ ಒಂದು ಮಾತು ಬರುತ್ತದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೆಲ್ಲ ಆ ಮಾತಿನ ಸುತ್ತಲೇ ಇದೆ.

ಸೂಪರ್ ಮಾರ್ಕೆಟ್ ಕಡೆ ಯಾವುದಾದರೂ ಚಹಾ ಅಂಗಡಿಯಲ್ಲಿ ಬೆಳಗ್ಗೆ ಸ್ವಲ್ಪ ಹೊತ್ತು ನಿಲ್ಲಿ. ಒಂದೇ ಪೇಪರನ್ನು ನಾಲ್ಕು ಜನ ಹಂಚಿಕೊಂಡು ಓದುತ್ತಿರುತ್ತಾರೆ. ಒಬ್ಬರ ಕೈಯಲ್ಲಿ ಮುಖಪುಟ, ಇನ್ನೊಬ್ಬರ ಕೈಯಲ್ಲಿ ಜಿಲ್ಲಾ ಪುಟ. ಕುಡಿಯುವ ನೀರಿಗೆ ಇಷ್ಟು ಕೋಟಿ ಅಂತ ಇದ್ದರೆ, ‘ಯಾರ ಹೊಟ್ಟಿಗಿ ಹೋಗ್ತದೋ’ ಅನ್ನುತ್ತಾರೆ. ಅಧಿಕಾರಿ ಅಮಾನತು ಅಂತ ಇದ್ದರೆ, ‘ಮುಂದಿನ ತಿಂಗಳ ಮತ್ತ ಬರ್ತಾನ ಬಿಡ್ರಿ’. ಬಡವರ ಹುಡುಗಿ ಒಳ್ಳೆ ಅಂಕ ತೆಗೆದಳು ಅಂತ ಇದ್ದರೆ, ‘ಹಿಂದ ಯಾರೋ ಇರಬೇಕು’. ರೈತ ಜೀವ ಕಳಕೊಂಡ ಸುದ್ದಿಗೂ ‘ಪರಿಹಾರಕ್ಕ ಬರಸ್ಯಾರ’ ಅನ್ನುವವರಿದ್ದಾರೆ. ಈ ಕೊನೆಯ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಒಂದು ಮನೆಯಲ್ಲಿ ಹೆಣ ಬಿದ್ದಿದೆ. ಅದರ ಸುದ್ದಿ ನಮ್ಮ ಕೈಗೆ ಬಂದು ಎರಡು ನಿಮಿಷ ಆಗಿಲ್ಲ, ಆಗಲೇ ತೀರ್ಪು ಕೊಟ್ಟಾಗಿದೆ.

ಈ ದನಿ ನನ್ನೊಳಗೂ ಇದೆ, ಜೋರಾಗಿಯೇ ಇದೆ. ಸಣ್ಣ ವಯಸ್ಸಿನಿಂದ ಪೇಪರ್ ಓದುತ್ತಾ ಬಂದವರಲ್ಲಿ ಇದು ಬೆಳೆಯದೇ ಇರುವುದು ಕಷ್ಟ. ಅದಕ್ಕೇ ಈ ದನಿಯನ್ನು ಸ್ವಲ್ಪ ಹೊರಗೆ ತೆಗೆದು, ಬೆಳಕಿನಲ್ಲಿಟ್ಟು ನೋಡೋಣ ಅನ್ನಿಸಿತು. ಇದು ಎಲ್ಲಿಂದ ಬಂತು, ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಅಂತ ನೋಡೋಣ.

ಮೊದಲಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಭಾಗದ ಜನರ ಅಪನಂಬಿಕೆ ಸುಮ್ನೆ ಬಂದಿದ್ದಲ್ಲ, ಅನುಭವದಿಂದ ಬಂದಿದ್ದು. ದೇಶಕ್ಕೆಲ್ಲ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಸಿಕ್ಕಿತು. ನಿಜಾಮರ ಆಳ್ವಿಕೆಯಿಂದ ನಾವು ಬಿಡುಗಡೆಯಾಗಿದ್ದು 1948ರ ಸೆಪ್ಟೆಂಬರ್ 17ಕ್ಕೆ. 1956ರಲ್ಲಿ ರಾಜ್ಯ ಒಂದಾಯಿತು. ಆಮೇಲೂ ನಮ್ಮ ಜಿಲ್ಲೆಗಳ ಹೆಸರಿನ ಮುಂದೆ ‘ಹಿಂದುಳಿದ’ ಅನ್ನುವುದು ಅಂಟಿಕೊಂಡೇ ಇತ್ತು. ವಿಶೇಷ ಸ್ಥಾನಮಾನ ಕೊಡಿ ಅಂತ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು. ಆ ಹೋರಾಟದ ಸುದ್ದಿ ಓದಿ ‘ಇದು ಆಗೋ ಮಾತಲ್ಲ’ ಅಂದವರು ಊರೂರಲ್ಲೂ ಇದ್ದರು. 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ ಬಂತು. ಇವತ್ತು ನಮ್ಮ ಮಕ್ಕಳು ಮೆಡಿಕಲ್ ಸೀಟಿಗೆ, ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ ಅದರಡಿ ಸಿಗುವ ಪ್ರಮಾಣಪತ್ರ ಹಿಡಿದು ಹೋಗುತ್ತಾರೆ.

ಬೀದರ್–ಕಲಬುರಗಿ ರೈಲು ಮಾರ್ಗದ ಕತೆ ನಿಮಗೆ ಗೊತ್ತೇ ಇದೆ. ಉದ್ದ 110 ಕಿಲೋಮೀಟರ್. ಮಂಜೂರಾಗಿದ್ದು 1990ರ ದಶಕದಲ್ಲಿ. ಪ್ರತಿ ರೈಲ್ವೆ ಬಜೆಟ್ಟಿನ ಮರುದಿನ ಪೇಪರಿನಲ್ಲಿ ಇದರ ಹೆಸರು ಹುಡುಕುವುದೇ ಒಂದು ಕೆಲಸವಾಗಿತ್ತು. ಕೊನೆಗೆ 2017ರ ಅಕ್ಟೋಬರ್ 29ಕ್ಕೆ ಉದ್ಘಾಟನೆಯಾಯಿತು. ವಿಮಾನ ನಿಲ್ದಾಣಕ್ಕೆ 2008ರಲ್ಲಿ ಶಂಕುಸ್ಥಾಪನೆ ಮಾಡಿದರು. ಅದು ಶುರುವಾಗಿದ್ದು 2019ರ ನವೆಂಬರ್ 22ಕ್ಕೆ. ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ತೆರೆಯಿತು. 371ಜೆ ನೆನಪಿಗೆ ಅಂತ ಹಾಸಿಗೆಗಳೂ 371. ಇನ್ನೊಂದು ಕಡೆ, ಕಲಬುರಗಿಗೆ ಪ್ರತ್ಯೇಕ ರೈಲ್ವೆ ವಿಭಾಗ ಅಂತ 2014ರಲ್ಲಿ ಘೋಷಣೆಯಾಯಿತಲ್ವಾ? ಅದು ಇವತ್ತಿಗೂ ಬೇಡಿಕೆಯಾಗಿಯೇ ಉಳಿದಿದೆ.

ಈಗ ನೋಡಿ. ಇವೆಲ್ಲ ಒಂದು ಕಾಲಕ್ಕೆ ಪೇಪರಿನಲ್ಲಿ ಒಂದೇ ಥರದ ಸುದ್ದಿಯಾಗಿದ್ದವು. ಕೆಲವು ತಡವಾಗಿ ಬಂದವು, ಒಂದು ಬಂದೇ ಇಲ್ಲ. ‘ಎಲ್ಲಾ ಬಾಯಿಮಾತು’ ಅಂತ ಒಂದೇ ಏಟಿಗೆ ತಳ್ಳಿದವನಿಗೆ ರೈಲು ಮಾರ್ಗಕ್ಕೂ ರೈಲ್ವೆ ವಿಭಾಗಕ್ಕೂ ಇರುವ ವ್ಯತ್ಯಾಸ ಕಾಣಲೇ ಇಲ್ಲ. ಆ ವ್ಯತ್ಯಾಸ ಕಂಡರೆ ತಾನೇ ಯಾವುದಕ್ಕೆ ಗಟ್ಟಿಯಾಗಿ ಕೇಳಬೇಕು ಅಂತ ಗೊತ್ತಾಗುವುದು?

ಅದನ್ನು ಕಾಣುವುದು ಅಷ್ಟೇನೂ ಕಷ್ಟವಲ್ಲ. ಸುದ್ದಿಯಲ್ಲಿ ‘ಚಿಂತನೆ ನಡೆದಿದೆ’ ಅಂತ ಇದೆಯಾ, ‘ಅನುಮೋದನೆ ಸಿಕ್ಕಿದೆ’ ಅಂತ ಇದೆಯಾ? ಹಣ ಮೀಸಲಿಟ್ಟಿದ್ದಾರಾ, ಬಿಡುಗಡೆ ಮಾಡಿದ್ದಾರಾ? ಟೆಂಡರ್ ಆಯಿತಾ, ಜಾಗ ಕೈಗೆ ಬಂತಾ? ಚಿಂತನೆಯಿಂದ ಟೆಂಡರಿನವರೆಗೆ ಎಷ್ಟೋ ಯೋಜನೆ ನಡುದಾರಿಯಲ್ಲೇ ನಿಂತುಹೋಗುತ್ತವೆ. ಎಲ್ಲಿ ನಿಂತಿದೆ ಅಂತ ಗೊತ್ತಿರುವವನು ಶಾಸಕರ ಮುಂದೆ ಕೂತರೆ ಶಾಸಕರೂ ನೆಟ್ಟಗೆ ಕೂರುತ್ತಾರೆ. ‘ನೀವೆಲ್ಲಾ ಅಷ್ಟೇರಿ’ ಅನ್ನುವವನ ಮುಂದೆ ಅವರಿಗೆ ಯಾವ ಕಷ್ಟವೂ ಇಲ್ಲ. ಚಹಾ ಕುಡಿಸಿ ಕಳಿಸುತ್ತಾರೆ.

ಎಲ್ಲವನ್ನೂ ಅನುಮಾನಿಸುವವನೇ ಬುದ್ಧಿವಂತ ಅನ್ನುವ ಒಂದು ಭಾವನೆ ನಮ್ಮಲ್ಲಿದೆ. ನಂಬಿದವನು ಮಳ್ಳ, ನಂಬದವನು ಶಾಣ್ಯಾ. ಇದನ್ನು ಇಬ್ಬರು ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದಾರೆ. ಓಲ್ಗಾ ಸ್ಟಾವ್ರೋವಾ ಮತ್ತು ಡೇನಿಯಲ್ ಎಲೆಬ್ರಾಕ್ಟ್ ಅಂತ. 30 ದೇಶಗಳ ಸುಮಾರು ಎರಡು ಲಕ್ಷ ಜನರ ಮಾಹಿತಿ ತಗೊಂಡು 2018ರಲ್ಲಿ ಪ್ರಕಟಿಸಿದರು. ಜನ ಸಾಮಾನ್ಯವಾಗಿ ಸಿನಿಕರನ್ನು, ಅಂದರೆ ಎಲ್ಲರನ್ನೂ ಅನುಮಾನದಿಂದಲೇ ನೋಡುವವರನ್ನು, ಹೆಚ್ಚು ಜಾಣರು ಅಂದುಕೊಳ್ಳುತ್ತಾರೆ. ಆದರೆ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಸಿನಿಕರ ಅಂಕ ಒಟ್ಟಾರೆ ಕಡಿಮೆಯೇ ಇತ್ತು. ಅದರಲ್ಲಿ ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು ಬೇರೆ ಒಂದು ಅಂಶ. ಸಾಮರ್ಥ್ಯ ಇರುವವರು ಅನುಮಾನವನ್ನು ಪೂರ್ತಿ ಬಿಟ್ಟಿರಲಿಲ್ಲ. ಸುತ್ತಲಿನ ಪರಿಸ್ಥಿತಿ ಅನುಮಾನಕ್ಕೆ ತಕ್ಕಂತೆ ಇದ್ದಾಗ ಅನುಮಾನಿಸಿದರು, ಇಲ್ಲದಾಗ ಬಿಟ್ಟರು. ಉಳಿದವರು ಎಲ್ಲ ಕಡೆ, ಎಲ್ಲ ಹೊತ್ತಲ್ಲೂ ಒಂದೇ ಸಮ ಅನುಮಾನಿಸುತ್ತಿದ್ದರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಅದರಲ್ಲಿ ಪ್ರಮಾಣಿಸುವ ಕೆಲಸ ಒಂದಿದೆ. ‘ಬಿಡ್ರಿ’ ಅನ್ನುವಾಗ ನಾವು ಬಿಡುವುದು ಆ ಕೆಲಸವನ್ನೇ.

ಇಲ್ಲಿ ಯಾರಾದರೂ ಎದ್ದು ಕೇಳಬಹುದು. ಪೇಪರಿನವರು ರೊಕ್ಕ ತಗೊಂಡು ಬರೆಯುವುದಿಲ್ಲವೇ? ಚುನಾವಣೆ ಬಂದರೆ ಸುದ್ದಿ ಮಾರಾಟಕ್ಕೆ ಬರುವುದಿಲ್ಲವೇ? ಬರುತ್ತದೆ. ಮುಚ್ಚಿಡುವ ಅಗತ್ಯ ಇಲ್ಲ. 2009ರ ಚುನಾವಣೆಗಳಲ್ಲಿ ಇದು ಎಷ್ಟು ರಾಜಾರೋಷವಾಗಿ ನಡೆಯಿತು ಅಂದರೆ, ಭಾರತೀಯ ಪತ್ರಿಕಾ ಮಂಡಳಿ ಅದರ ತನಿಖೆಗೆ ಉಪಸಮಿತಿ ಮಾಡಬೇಕಾಯಿತು. ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ 71 ಪುಟಗಳ ವರದಿ ಕೊಟ್ಟರು. 2010ರಲ್ಲಿ ಮಂಡಳಿ ಅದರ ಚಿಕ್ಕ ರೂಪ ಮಾತ್ರ ಹೊರಗೆ ಬಿಟ್ಟಿತು. ಪೂರ್ತಿ ವರದಿ ಹೊರಬರಲು ಕೇಂದ್ರ ಮಾಹಿತಿ ಆಯೋಗದ ಆದೇಶವೇ ಬೇಕಾಯಿತು. ಇದು ಬೇಜಾರಿನ ಸಂಗತಿ. ನಮ್ಮ ಸಿಟ್ಟಿಗೆ ಪೂರ್ತಿ ಕಾರಣ ಇದೆ.

ಆದರೆ ಸುದ್ದಿ ಮಾರಾಟವಾಗುತ್ತದೆ ಅಂತ ನಮಗೆ ಹೇಳಿದವರು ಯಾರು? ಪತ್ರಕರ್ತರೇ. ಪಕ್ಕದ ಮಹಾರಾಷ್ಟ್ರದಲ್ಲಿ ಪಿ. ಸಾಯಿನಾಥ್ ಒಂದೊಂದೇ ಪೇಪರು ಎದುರಿಟ್ಟುಕೊಂಡು ಹೋಲಿಸಿದರು. ಒಬ್ಬರಿಗೊಬ್ಬರು ಪೈಪೋಟಿ ನಡೆಸುವ ಪತ್ರಿಕೆಗಳಲ್ಲಿ, ಒಬ್ಬ ದೊಡ್ಡ ನಾಯಕನ ಬಗ್ಗೆ, ಅಕ್ಷರ ಅಕ್ಷರವೂ ಒಂದೇ ಆಗಿದ್ದ ಹೊಗಳಿಕೆಯ ಬರಹಗಳು. ಬರೆದವರ ಹೆಸರು ಮಾತ್ರ ಬೇರೆ ಬೇರೆ. ಅದು ಸುದ್ದಿಯಾಯಿತು, ಪತ್ರಿಕೆಯಲ್ಲೇ ಅಚ್ಚಾಯಿತು. ಎಲ್ಲ ಪತ್ರಕರ್ತರೂ ಕಳ್ಳರು ಅಂತ ಹೇಳುವ ಮನುಷ್ಯ ಈ ಪತ್ರಕರ್ತನನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತಾನೆ? ತೊಗರಿ ಬೇಳೆಯಲ್ಲಿ ಕಲ್ಲು ಸಿಕ್ಕಿತು ಅಂತ ನಮ್ಮ ಮನೆಗಳಲ್ಲಿ ಯಾರೂ ಬೇಳೆಯನ್ನೇ ಚೆಲ್ಲುವುದಿಲ್ಲ, ಆರಿಸುತ್ತಾರೆ.

ಈಗ ನಮಗೆ ತುಂಬ ಹತ್ತಿರದ ಒಂದು ಘಟನೆಗೆ ಬರುತ್ತೇನೆ. ಹೇಳಲು ಕಷ್ಟವಾಗುತ್ತದೆ. ಆದರೂ ಹೇಳಲೇಬೇಕು.

2018ರ ಜುಲೈ 13. ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಆ ಕಡೆ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸಂದೇಶ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಜನ ಇವರನ್ನು ಅನುಮಾನಿಸಿದರು. ಇವರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಮುಂಚೆ ವಾಟ್ಸಾಪ್ ಸಂದೇಶ ಮುರ್ಕಿ ಮುಟ್ಟಿತ್ತು. ರಸ್ತೆಗೆ ಅಡ್ಡ ಹಾಕಿದರು. ಕಾರು ಉರುಳಿತು. ಜನ ಸೇರಿ ಹೊಡೆದರು. ಒಬ್ಬ ಯುವ ಇಂಜಿನಿಯರ್ ಅಲ್ಲೇ ಪ್ರಾಣ ಬಿಟ್ಟ. ಉಳಿದವರಿಗೆ ತೀವ್ರ ಗಾಯ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಜಾಸ್ತಿ ಕಳಿಸದಂತೆ ಮಿತಿ ಹಾಕಿತು.

ಈ ಘಟನೆ ಬಗ್ಗೆ ಎಲ್ಲರೂ ಒಂದು ಮಾತು ಹೇಳುತ್ತಾರೆ. ಹಳ್ಳಿ ಜನ ಮುಗ್ಧರು, ಕಂಡಿದ್ದನ್ನೆಲ್ಲ ನಂಬಿದರು ಅಂತ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಯಾಕೆಂದರೆ ಪೊಲೀಸರು ಅಲ್ಲಿಗೆ ಬಂದಿದ್ದರು. ಬಿಡ್ರಿ, ಹೊಡೀಬ್ಯಾಡ್ರಿ ಅಂತ ಬೇಡಿಕೊಂಡರು. ಅಡ್ಡ ಬಂದ ಪೊಲೀಸರಿಗೂ ಏಟು ಬಿತ್ತು. ಅಂದರೆ ಆ ಗುಂಪು ಕೇಳಿದ್ದನ್ನೆಲ್ಲ ನಂಬಿರಲಿಲ್ಲ. ಮೊಬೈಲಿನಲ್ಲಿ ಬಂದ ಒಂದು ವಿಡಿಯೊವನ್ನು ನಂಬಿತು. ಎದುರಿಗೆ ಬಂದು ಕೈಮುಗಿದವರನ್ನು ನಂಬಲಿಲ್ಲ. ‘ಪೊಲೀಸರೂ ಅವರ ಕಡೆಯವರೇ’ ಅನ್ನುವ ಮಾತು ಒಂದು ಸಲ ಮನಸ್ಸಿನಲ್ಲಿ ಕೂತರೆ ಮುಂದೆ ಯಾವ ಸತ್ಯಕ್ಕೂ ಬಾಗಿಲು ತೆರೆಯುವುದಿಲ್ಲ.

ನಮ್ಮ ಮನೆಗಳಲ್ಲೂ ಸ್ವಲ್ಪ ನೋಡಿ. ಪೇಪರ್ ಸುಳ್ಳು, ಟಿವಿ ಸುಳ್ಳು, ಸರ್ಕಾರದ ಲೆಕ್ಕ ಸುಳ್ಳು ಅನ್ನುವವರೇ, ಯಾರು ಕಳಿಸಿದ್ದು ಅಂತಲೂ ಗೊತ್ತಿಲ್ಲದ ಒಂದು ಆಡಿಯೊ ಕೇಳಿ ಗಾಬರಿಯಾಗಿ ಹತ್ತು ಜನಕ್ಕೆ ಕಳಿಸುತ್ತಾರೆ. ಮನುಷ್ಯನಿಗೆ ಏನನ್ನೂ ನಂಬದೆ ಬದುಕಲು ಆಗುವುದಿಲ್ಲ. ಹೆಸರು ಹಾಕಿ ಬರೆದವರನ್ನು, ನಾಳೆ ತಪ್ಪಾದರೆ ಹಿಡಿದು ಕೇಳಬಹುದಾದವರನ್ನು ದೂರ ಮಾಡಿದರೆ, ಆ ಜಾಗಕ್ಕೆ ಹೆಸರೇ ಇಲ್ಲದವರು ಬಂದು ಕೂರುತ್ತಾರೆ. 2020ರ ಮಾರ್ಚ್ 12 ನೆನಪಿದೆಯಲ್ವಾ? ಕೊರೊನಾದಿಂದ ದೇಶದಲ್ಲಿ ಆದ ಮೊದಲ ಸಾವು ನಮ್ಮ ಕಲಬುರಗಿಯ 76 ವರ್ಷದ ಹಿರಿಯರದ್ದು ಅಂತ ಅವತ್ತು ಖಚಿತವಾಯಿತು. ಅದನ್ನು ಓದಿ ‘ವಯಸ್ಸಾಗಿತ್ತು ಬಿಡ್ರಿ’ ಅಂದವರ ಮೊಬೈಲಿನಲ್ಲೇ ಬೆಳ್ಳುಳ್ಳಿ ಕಷಾಯದ ಸಂದೇಶ ಸುತ್ತುತ್ತಿತ್ತು.

ಸುಳ್ಳು ಸುದ್ದಿ ಕೊಟ್ಟವರು ಮಾಡುವ ಹಾನಿ ಅಲ್ಲಿಗೇ ಮುಗಿಯುವುದಿಲ್ಲ. ಅದು ಎಷ್ಟೋ ವರ್ಷ ಬಿಟ್ಟು, ಬೇರೆ ಯಾರದೋ ಜೀವ ತೆಗೆಯುತ್ತದೆ. ಇದಕ್ಕೆ ಇತಿಹಾಸದಲ್ಲಿ ಒಂದು ಭಯಂಕರ ಉದಾಹರಣೆ ಇದೆ.

ಮೊದಲ ಮಹಾಯುದ್ಧದ ಕಾಲ, 1917ರ ಏಪ್ರಿಲ್. ಬ್ರಿಟನ್ನಿನ ದೊಡ್ಡ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಜರ್ಮನರು ಸತ್ತ ಸೈನಿಕರ ಹೆಣಗಳನ್ನು ಕಾರ್ಖಾನೆಗೆ ಒಯ್ದು, ಕುದಿಸಿ, ಕೊಬ್ಬು ತೆಗೆಯುತ್ತಿದ್ದಾರೆ ಅಂತ. ಜನ ನಂಬಿದರು, ಕುದಿದರು. ಅದು ಹಸಿ ಸುಳ್ಳು. 1925ರಲ್ಲಿ ವಿದೇಶಾಂಗ ಸಚಿವ ಆಸ್ಟಿನ್ ಚೇಂಬರ್ಲಿನ್ ಸಂಸತ್ತಿನಲ್ಲಿ ಆ ಕತೆಗೆ ಆಧಾರವಿಲ್ಲ ಎನ್ನುವುದನ್ನು ಒಪ್ಪಿಕೊಂಡರು. ಒಂದು ತಲೆಮಾರು ಅದನ್ನು ಮರೆಯಲಿಲ್ಲ. ಇನ್ನು ಮುಂದೆ ಇಂಥದ್ದಕ್ಕೆ ಮೋಸ ಹೋಗಬಾರದು ಅಂತ ತೀರ್ಮಾನ ಮಾಡಿತು.

ಆಮೇಲೆ 1942 ಬಂತು. ಜೂನ್ 25ಕ್ಕೆ ಲಂಡನ್ನಿನ ಡೈಲಿ ಟೆಲಿಗ್ರಾಫ್ ಒಂದು ವರದಿ ಹಾಕಿತು. ಪೋಲೆಂಡಿನಲ್ಲಿ ಜರ್ಮನರು ಏಳು ಲಕ್ಷ ಯಹೂದಿಗಳನ್ನು ಕೊಂದಿದ್ದಾರೆ, ವಿಷಾನಿಲ ತುಂಬಿದ ಗಾಡಿಗಳನ್ನೂ ಬಳಸುತ್ತಿದ್ದಾರೆ ಅಂತ. ಪೋಲೆಂಡಿನ ಒಳಗಿನಿಂದ ಜೀವ ಕೈಯಲ್ಲಿ ಹಿಡಿದು ಜನ ಹೊರಗೆ ತಲುಪಿಸಿದ ಮಾಹಿತಿ ಅದು. ಅಚ್ಚಾಗಿದ್ದು ಐದನೇ ಪುಟದಲ್ಲಿ. ಮರು ವರ್ಷ, 1943ರಲ್ಲಿ, ಬ್ರಿಟಿಷ್ ಗುಪ್ತಚರ ಸಮಿತಿಯ ಅಧ್ಯಕ್ಷರು ವಿಷಾನಿಲದ ಕೋಣೆಗಳ ವರದಿಯ ಬಗ್ಗೆ ಟಿಪ್ಪಣಿ ಬರೆದರು. ಇದು ನನಗೆ ಕಳೆದ ಯುದ್ಧದ ಹೆಣದ ಕೊಬ್ಬಿನ ಕತೆಯನ್ನೇ ನೆನಪಿಸುತ್ತದೆ ಅನ್ನುವ ಧಾಟಿಯಲ್ಲಿ. ಆ ಹೊತ್ತಿಗೆ ಲಕ್ಷಾಂತರ ಜನ ಆ ಕೋಣೆಗಳಿಗೆ ಹೋಗಿ ಆಗಿತ್ತು.

ಆ ಅಧಿಕಾರಿ ಮೂರ್ಖನಲ್ಲ. ಹಳೆಯ ಸುಳ್ಳಿನಿಂದ ಪಾಠ ಕಲಿತವನು. ಕಲಿತ ಪಾಠವೇ ಅವನ ಕಣ್ಣು ಕಟ್ಟಿತು. ನಾನು ಇದನ್ನು ಯೋಚಿಸಿದಾಗಲೆಲ್ಲ ‘ಇಂಥವು ಎಷ್ಟು ನೋಡಿಲ್ಲ’ ಅನ್ನುವ ನಮ್ಮ ಹೆಮ್ಮೆಯ ಬಗ್ಗೆ ಭಯವಾಗುತ್ತದೆ.

ನಮ್ಮ ದೇಶದಲ್ಲೂ ಇದೆ. ಭೋಪಾಲಿನಲ್ಲಿ ರಾಜಕುಮಾರ್ ಕೇಸ್ವಾನಿ ಅಂತ ಪತ್ರಕರ್ತರಿದ್ದರು. ‘ರಪಟ್’ ಅನ್ನುವ ಸಣ್ಣ ವಾರಪತ್ರಿಕೆ ಅವರದ್ದು. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಅನಿಲ ಸೋರಿ ಅವರ ಪರಿಚಯದ ಒಬ್ಬ ಕಾರ್ಮಿಕ 1981ರ ಡಿಸೆಂಬರಿನಲ್ಲಿ ಸತ್ತ. ಇವರು ಅದರ ಬೆನ್ನು ಹತ್ತಿದರು. 1982ರಲ್ಲಿ ಒಂದರ ಮೇಲೊಂದು ಬರಹ ಬರೆದು, ಈ ಊರು ಜ್ವಾಲಾಮುಖಿಯ ಬಾಯಲ್ಲಿ ಕೂತಿದೆ ಅಂತ ಕೂಗಿ ಹೇಳಿದರು. ಯಾರೂ ಕಿವಿಗೊಡಲಿಲ್ಲ. ಸಣ್ಣ ಪತ್ರಿಕೆ, ಏನೋ ಸ್ವಾರ್ಥ ಇರಬೇಕು ಅಂತ ತಳ್ಳಿಹಾಕುವುದು ಸುಲಭವಿತ್ತು. 1984ರ ಡಿಸೆಂಬರ್ 2ರ ರಾತ್ರಿ ಏನಾಯಿತು ಅಂತ ಜಗತ್ತಿಗೇ ಗೊತ್ತು.

ಸಣ್ಣ ಪತ್ರಿಕೆ ಅಂದೆ. ನಮ್ಮ ಕಡೆಯ ಸಣ್ಣ ಸುದ್ದಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡೋಣ. ಯಾದಗಿರಿ ಜಿಲ್ಲೆಯಿಂದ ಬರುವ ನೀರಿನ ಸುದ್ದಿಗಳನ್ನೇ ತಗೊಳ್ಳಿ. 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು, ಸಾವೂ ಆಯಿತು. ಈ ಥರದ ಸುದ್ದಿ ವರ್ಷಕ್ಕೆ ಒಂದೆರಡಾದರೂ ಬರುತ್ತದೆ. ಊರು ಬೇರೆ, ಉಳಿದದ್ದೆಲ್ಲ ಒಂದೇ. ಹಾಗಾಗಿ ಕಣ್ಣು ಅದರ ಮೇಲೆ ಜಾರಿ ಮುಂದೆ ಹೋಗುತ್ತದೆ.

ಅದು ನಮ್ಮ ಕೈಗೆ ಹೇಗೆ ಬರುತ್ತದೆ ನೋಡಿ. ಊರಲ್ಲಿ ಯಾರೋ ತಾಲ್ಲೂಕು ವರದಿಗಾರನಿಗೆ ಫೋನ್ ಮಾಡುತ್ತಾರೆ. ಇಂಥ ಎಷ್ಟೋ ವರದಿಗಾರರಿಗೆ ಪೂರ್ತಿ ಸಂಬಳ ಅಂತ ಇಲ್ಲ. ಬೇರೆ ಉದ್ಯೋಗ ಮಾಡಿಕೊಂಡು, ಜಾಹೀರಾತು ತಂದುಕೊಟ್ಟು ನಡೆಸುತ್ತಾರೆ. ಸ್ವಂತ ಬೈಕು, ಸ್ವಂತ ಪೆಟ್ರೋಲು. ಊರಿಗೆ ಹೋಗಿ ಮೊದಲು ಪೈಪ್ ಎಲ್ಲಿ ಒಡೆದಿದೆ ನೋಡುತ್ತಾರೆ. ಸಾಮಾನ್ಯವಾಗಿ ಅದು ಚರಂಡಿ ಒಳಗೇ ಹಾದುಹೋಗಿರುತ್ತದೆ. ಫೋಟೊ ತೆಗೆಯುತ್ತಾರೆ. ಆರೋಗ್ಯ ಕೇಂದ್ರಕ್ಕೆ ಹೋಗಿ ಎಷ್ಟು ಜನ ದಾಖಲಾಗಿದ್ದಾರೆ ಕೇಳುತ್ತಾರೆ. ತಾಲ್ಲೂಕು ಆರೋಗ್ಯಾಧಿಕಾರಿಗೆ, ಪಂಚಾಯಿತಿ ಪಿಡಿಒಗೆ ಫೋನ್ ಮಾಡುತ್ತಾರೆ. ಒಬ್ಬರು ಎತ್ತುತ್ತಾರೆ, ಒಬ್ಬರು ಎತ್ತುವುದಿಲ್ಲ. ಸಂಜೆಯೊಳಗೆ ಟೈಪ್ ಮಾಡಿ, ಸುದ್ದಿ ತಿದ್ದಿ ಪುಟಕ್ಕೆ ಹಾಕುವ ಕಲಬುರಗಿ ಡೆಸ್ಕಿಗೆ ಕಳಿಸುತ್ತಾರೆ. ಅಲ್ಲಿ ಜಾಹೀರಾತು ಜಾಸ್ತಿ ಇದ್ದರೆ ಹತ್ತು ಸಾಲು ನಾಲ್ಕು ಸಾಲಾಗುತ್ತದೆ. ಕೊನೆಗೆ ‘ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲಾಗಿದೆ’ ಅಂತ ಒಂದು ವಾಕ್ಯ.

ನನ್ನ ಪ್ರಕಾರ ಇಡೀ ಸುದ್ದಿಯಲ್ಲಿ ಜೀವ ಇರುವುದು ಆ ವಾಕ್ಯದಲ್ಲಿ. ಆ ಮಾದರಿಯ ಫಲಿತಾಂಶ ಏನಾಯಿತು? ಅದು ಎರಡನೇ ಸುದ್ದಿಯಾಗಬೇಕು. ಹೆಚ್ಚಿನ ಸಲ ಆಗುವುದಿಲ್ಲ. ಯಾಕೆ ಆಗುವುದಿಲ್ಲ? ಡೆಸ್ಕಿಗೆ ಅದು ಹಳೇ ವಿಷಯ. ವರದಿಗಾರನಿಗೆ ಬೇರೆ ಊರಿನ ಫೋನ್ ಬಂದಿರುತ್ತದೆ. ಅಧಿಕಾರಿಗೆ ಯಾರೂ ಕೇಳದಿದ್ದರೆ ನಿಶ್ಚಿಂತೆ. ಓದುಗರಾದ ನಾವು ಮೊದಲ ದಿನವೇ ‘ಇದ್ದದ್ದೇ ಬಿಡ್ರಿ’ ಅಂದು ಬಿಟ್ಟಿರುತ್ತೇವೆ. ಪೈಪ್ ಸರಿಮಾಡದೆ ಬಿಟ್ಟವನಿಗೆ ಬೇಕಾಗಿದ್ದೂ ಇದೇ. ಅವನು ನಮ್ಮನ್ನು ನಂಬಿಸುವ ಕಷ್ಟ ಪಡಬೇಕಾಗಿಲ್ಲ. ನಾವು ಕೈ ಚೆಲ್ಲಿದರೆ ಸಾಕು.

ಇದರಲ್ಲಿ ನಾವೇ ಪರೀಕ್ಷಿಸಬಹುದಾದ ಭಾಗವೂ ಇದೆ. ಪಂಚಾಯಿತಿಗಳಲ್ಲಿ ಒಂದು ಸಣ್ಣ ಬಾಟಲಿ ಸಿಗುತ್ತದೆ. ಎಚ್2ಎಸ್ ಪರೀಕ್ಷೆ ಅನ್ನುತ್ತಾರೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಹಾಕಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರು ಕಪ್ಪಾದರೆ ಹೊಲಸು ಸೇರಿರುವ ಸಾಧ್ಯತೆ ಇದೆ, ಕುಡಿಯಬಾರದು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕು ಅಂತಲೇ ಇದೆ. ನಿಮ್ಮ ಊರಲ್ಲಿ ಆ ಐದು ಜನ ಯಾರು ಅಂತ ವಿಚಾರಿಸಿ.

ಬಾಟಲಿಗೂ ಸಿಗದ ವಿಷ ಇದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇರುವುದು ಪತ್ತೆಯಾಗಿತ್ತು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಒಂದು ಲೀಟರಿನಲ್ಲಿ 0.01 ಮಿಲಿಗ್ರಾಂ ದಾಟಬಾರದು ಅಂತ ಮಿತಿ. ವರ್ಷಗಟ್ಟಲೆ ಕುಡಿದ ಮೇಲೆ ಚರ್ಮದ ಮೇಲೆ ಕಪ್ಪು ಚುಕ್ಕೆ, ಅಂಗೈ ಅಂಗಾಲಿನಲ್ಲಿ ಗಂಟು, ಮುಂದೆ ಕ್ಯಾನ್ಸರ್. ‘ನಾ ಕಣ್ಣಾರೆ ಕಂಡರೆ ಮಾತ್ರ ನಂಬೋದು’ ಅನ್ನುವ ಮನುಷ್ಯ ಆ ತಾಂಡಾದ ನೀರನ್ನು ಗ್ಲಾಸಿನಲ್ಲಿ ಹಿಡಿದು ಎಷ್ಟು ಸಲ ನೋಡಿದರೂ ತಿಳಿಯಾಗಿಯೇ ಕಾಣುತ್ತದೆ. ಅಲ್ಲಿ ಪ್ರಯೋಗಾಲಯದ ಮಾತನ್ನು ನಂಬಬೇಕಾಗುತ್ತದೆ. ಅದನ್ನು ಊರಿಗೆ ತಂದು ಮುಟ್ಟಿಸಿದ ವರದಿಗಾರನನ್ನೂ ನಂಬಬೇಕಾಗುತ್ತದೆ. ಬೇರೆ ದಾರಿ ಇಲ್ಲ.

ಹಾಗಾಗಿ ನನ್ನೊಳಗಿನ ಆ ದನಿ ಎದ್ದಾಗ ನಾನು ಅದಕ್ಕೆ ಒಂದು ಪ್ರಶ್ನೆ ಕೇಳುತ್ತೇನೆ. ಈ ಸುದ್ದಿ ಖರೇ ಆಗಿದ್ದರೆ, ಖರೇ ಅಂತ ಒಪ್ಪಲು ನನಗೆ ಏನು ಬೇಕು? ಒಂದು ಕಾಗದವಾ, ಒಂದು ಹೆಸರಾ, ಇನ್ನೊಂದು ಪತ್ರಿಕೆಯ ವರದಿಯಾ? ಉತ್ತರ ಇದ್ದರೆ ಅದನ್ನು ಹುಡುಕಬಹುದು. ‘ಏನು ತಂದರೂ ನಂಬಲ್ಲ’ ಅನ್ನುವುದೇ ಉತ್ತರವಾದರೆ, ನಾನು ಸುದ್ದಿಯನ್ನು ಓದಲೇ ಇಲ್ಲ ಅಂತ ಅರ್ಥ.

ಮಾತು ಮುಗಿದ ಮೇಲೆ ಸುಮಾರು ಪ್ರಶ್ನೆಗಳು ಬಂದವು. ಎರಡು-ಮೂರನ್ನು ಇಲ್ಲಿ ಬರೆಯುತ್ತೇನೆ.

ಹಿರಿಯರೊಬ್ಬರು ಕೇಳಿದರು: ‘ಇಷ್ಟೆಲ್ಲಾ ಹುಡುಕ್ಲಿಕ್ಕ ಯಾರಿಗಿ ಪುರಸೊತ್ತದ ರೀ?’ ಎಲ್ಲ ಸುದ್ದಿಗೂ ಬೇಡ ಅಂದೆ. ದಿಲ್ಲಿ, ಅಮೆರಿಕದ ಸುದ್ದಿಗೆ ನಾವು ಮಾಡುವುದೂ ಅಷ್ಟರಲ್ಲೇ ಇದೆ. ನಿಮ್ಮ ತಾಲ್ಲೂಕಿನ ಒಂದೇ ಒಂದು ಸುದ್ದಿ ಹಿಡಿಯಿರಿ. ಅದರ ಬೆನ್ನು ಬಿಡಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ ಇರಬೇಕು, 30 ದಿನದಲ್ಲಿ ಉತ್ತರ ಕೊಡಬೇಕು. ಜೀವಕ್ಕೆ ಸಂಬಂಧಪಟ್ಟ ಮಾಹಿತಿಯಾದರೆ 48 ಗಂಟೆ. ‘ಇಂಥ ತಾರೀಖಿಗೆ ಇಂಥ ಊರಿನಿಂದ ತೆಗೆದ ನೀರಿನ ಮಾದರಿಯ ಪರೀಕ್ಷಾ ವರದಿಯ ಪ್ರತಿ ಕೊಡಿ’ ಅಂತ ಬರೆಯಲು 150 ಪದವೂ ಬೇಡ.

ಒಬ್ಬ ಕಾಲೇಜು ಹುಡುಗಿ, ಮನೆಯಲ್ಲಿ ಅಪ್ಪ ವಾಟ್ಸಾಪಿನಲ್ಲಿ ಬಂದಿದ್ದನ್ನು ಬಿಟ್ಟು ಬೇರೇನೂ ನಂಬುವುದಿಲ್ಲ, ಏನು ಮಾಡಲಿ ಅಂದಳು. ಸುಳ್ಳು ಅಂತ ಎದುರು ಮಾತಾಡಿದರೆ ಜಗಳವಾಗುತ್ತದೆ, ಅಷ್ಟೇ. ಜೊತೆಗೆ ಕೂತು ‘ಇದು ಯಾರು ಬರೆದಿದ್ದು ಅಪ್ಪಾ, ತಪ್ಪಾದರೆ ಯಾರನ್ನ ಕೇಳೋದು’ ಅಂತ ಕೇಳಮ್ಮಾ ಅಂದೆ. ಪ್ರತಿ ಸಲ ಕೇಳು. ಅವರ ಕೈಗೆ ಜಿಲ್ಲಾ ಪುಟವನ್ನೂ ಕೊಟ್ಟು ಅದಕ್ಕೂ ಇದೇ ಪ್ರಶ್ನೆ ಕೇಳು. ಪೇಪರಿಗೆ ಒಂದು ವಿನಾಯಿತಿ, ವಾಟ್ಸಾಪಿಗೆ ಒಂದು ವಿನಾಯಿತಿ ಬೇಡ.

ಕೊನೆಗೆ ಯಾದಗಿರಿ ಕಡೆಯ ಒಬ್ಬ ಯುವ ವರದಿಗಾರ ಎದ್ದು ನಿಂತರು. ಸುದ್ದಿ ಅಚ್ಚಾದ ಮರುದಿನ ತಮಗೆ ಬರುವ ಫೋನುಗಳೆಲ್ಲ ಸಿಟ್ಟಾದವರದ್ದೇ ಅಂದರು. ಗುತ್ತಿಗೆದಾರ, ಪಂಚಾಯಿತಿಯವರು, ಯಾರದೋ ಕಡೆಯವರು. ಓದಿದವರದ್ದು ಒಂದೂ ಇರುವುದಿಲ್ಲವಂತೆ. ಓದುಗರು ಏನು ಮಾಡಿದರೆ ನಿಮಗೆ ಅನುಕೂಲ ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟು: ‘ತಪ್ಪಿದ್ರ ಏನ್ ತಪ್ಪು ಅಂತ ಹೇಳ್ರಿ, ತಿದ್ಕೋತೀವಿ. ಸರಿ ಇದ್ರ, ಮುಂದೇನಾಯ್ತು ಅಂತ ಪೇಪರಿಗಿ ಬರದು ಕೇಳ್ರಿ. ಜನ ಕೇಳ್ಲತಾರ ಅಂತ ಡೆಸ್ಕಿಗಿ ಹೇಳ್ಲಿಕ್ಕ ನಮಗೂ ಒಂದ್ ಆಧಾರ ಸಿಗ್ತದ. ಇಲ್ಲಂದ್ರ ಅದೇ ಊರಿಗಿ ಎರಡನೇ ಸಲ ಹೋಗ್ಲಿಕ್ಕ ನಮಗ ಯಾರೂ ಬಿಡಂಗಿಲ್ಲ.’